ಅಂಗಡಿ ಮುಚ್ಚಿಸಿದ್ದು ಸರಕಾರ, ಮನೆ ಕಳೆದುಕೊಳ್ಳಬೇಕಾದದ್ದು ಜಾಮೀನುದಾರನೇ?

ಸಾಂಕ್ರಾಮಿಕ ರೋಗದ ಹೆಸರಿನಲ್ಲಿ ಸರಕಾರ ಒಂದು ಅಂಗಡಿಯ ಬಾಗಿಲು ಮುಚ್ಚಿಸುತ್ತದೆ. ಆದೇಶ ತಪ್ಪೆಂದು ಯಾರೂ ಹೇಳುವುದಿಲ್ಲ. ಜೀವ ಉಳಿದರೆ ತಾನೇ ವ್ಯಾಪಾರ? ಆದರೆ ಮುಚ್ಚಿದ ಅಂಗಡಿಯ ಮೇಲೂ ಬಾಡಿಗೆ ತಿಂಗಳು ತಿಂಗಳು ಏರುತ್ತಲೇ ಇರುತ್ತದೆ. ಬಾಡಿಗೆದಾರ ಸೋತು ಕೈಚೆಲ್ಲಿದ ದಿನ ಕಟ್ಟಡದ ಮಾಲಕ ಕರಾರುಪತ್ರ ತೆರೆಯುತ್ತಾನೆ. ಅಲ್ಲಿ ಜಾಮೀನುದಾರನ ಸಹಿ ಇದೆ. ಇನ್ನು ಆತನ ಮನೆ, ಬ್ಯಾಂಕಿನಲ್ಲಿಟ್ಟ ಉಳಿತಾಯ, ಮಕ್ಕಳ ಓದಿಗೆಂದು ಕೂಡಿಟ್ಟ ಹಣ ಎಲ್ಲವೂ ಆ ಬಾಕಿಗೆ ಉತ್ತರ ಹೇಳಬೇಕು. ಇದು ನ್ಯಾಯವೇ?

ಕೋವಿಡ್ ಕಾಲದಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ್ದು ನ್ಯೂಯಾರ್ಕ್ ನಗರ. ಅಲ್ಲಿನ ಸಣ್ಣ ಹೋಟೆಲು, ಸೆಲೂನು, ಬಟ್ಟೆ ಅಂಗಡಿಗಳು ಸಾಮಾನ್ಯವಾಗಿ ಒಂದು ಪುಟ್ಟ ಕಂಪೆನಿಯ ಹೆಸರಿನಲ್ಲಿರುತ್ತವೆ. ಕಂಪೆನಿ ಮುಳುಗಿದರೂ ಅದನ್ನು ನಡೆಸುವವನ ಮನೆ ಉಳಿಯಲಿ ಎಂಬುದೇ ಆ ಏರ್ಪಾಡಿನ ಉದ್ದೇಶ. ಆದರೆ ಬರಿಗೈ ಕಂಪೆನಿಯನ್ನು ನಂಬಿ ಕಟ್ಟಡ ಕೊಡಲು ಯಾವ ಮಾಲಕನೂ ಸಿದ್ಧನಿಲ್ಲ. ಹೀಗಾಗಿ ವ್ಯಾಪಾರ ನಡೆಸುವವನೇ, ಕೆಲವೊಮ್ಮೆ ಆತನ ಮಡದಿ ಅಥವಾ ಬಂಧು, ವೈಯಕ್ತಿಕ ಜಾಮೀನು ಬರೆದುಕೊಡಬೇಕು. ಕಾನೂನು ಒಂದು ಕೈಯಲ್ಲಿ ಕೊಟ್ಟ ರಕ್ಷಣೆಯನ್ನು ಕರಾರುಪತ್ರ ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುತ್ತದೆ.

2020ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ರಾಜ್ಯ ಸರಕಾರ ಹೋಟೆಲುಗಳಲ್ಲಿ ಕುಳಿತು ಉಣ್ಣುವುದನ್ನು ನಿಲ್ಲಿಸಿತು. ಜಿಮ್, ಚಿತ್ರಮಂದಿರ, ಕ್ಷೌರದಂಗಡಿಗಳನ್ನು, ಅಗತ್ಯ ವಸ್ತುಗಳದ್ದಲ್ಲದ ಅಂಗಡಿಗಳನ್ನು ಮುಚ್ಚಿಸಿತು. ಅದೇ ಮೇ ತಿಂಗಳಲ್ಲಿ ನಗರದ ಆಡಳಿತ ಹೊಸ ಕಾನೂನು ತಂದಿತು. 2020ರ ಸ್ಥಳೀಯ ಕಾನೂನು 55 ಎಂದು ಅದರ ಹೆಸರು. ಸರಕಾರಿ ಆದೇಶದಿಂದ ಹೀಗೆ ಮುಚ್ಚಿದ ಅಥವಾ ನಿರ್ಬಂಧಕ್ಕೊಳಗಾದ ವ್ಯಾಪಾರಗಳ ಮಟ್ಟಿಗೆ, ಮಾರ್ಚ್ 7ರಿಂದ ನಿಗದಿತ ದಿನದವರೆಗೆ ಬಾಕಿಯಾದ ಬಾಡಿಗೆಯನ್ನು ಜಾಮೀನು ನಿಂತ ವ್ಯಕ್ತಿಯಿಂದ ವಸೂಲು ಮಾಡುವಂತಿಲ್ಲ ಎಂದು ಅದು ಹೇಳಿತು. ಆ ಗಡುವು ಎರಡು ಬಾರಿ ವಿಸ್ತರಣೆಯಾಗಿ 2021ರ ಜೂನ್ 30ಕ್ಕೆ ನಿಂತಿತು. ಗಮನಿಸಿ, ಬಾಡಿಗೆದಾರ ಕಂಪೆನಿಯ ಸಾಲ ಮನ್ನಾ ಆಗಲಿಲ್ಲ. ಮಾಲಕ ಕಂಪೆನಿಯ ಮೇಲೆ ದಾವೆ ಹೂಡಬಹುದಿತ್ತು. ಜಾಮೀನುದಾರನ ಮನೆ ಬಾಗಿಲಿಗೆ ಮಾತ್ರ ಹೋಗುವಂತಿರಲಿಲ್ಲ.

ಕೆಲವು ಸಣ್ಣ ಕಟ್ಟಡ ಮಾಲಕರು ಕೋರ್ಟಿಗೆ ಹೋದರು. ಕರಾರಿನ ಹೊಣೆಯನ್ನು ಸಡಿಲಿಸುವ ಕಾನೂನನ್ನು ಯಾವ ರಾಜ್ಯವೂ ಮಾಡಬಾರದೆಂದು ಅಮೆರಿಕದ ಸಂವಿಧಾನ ಹೇಳುತ್ತದೆ ಎಂಬುದು ಅವರ ವಾದ. ಕೆಳಗಿನ ನ್ಯಾಯಾಲಯ ಮೊದಲು ಅರ್ಜಿಯನ್ನು ತಳ್ಳಿಹಾಕಿತು. 2021ರ ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅದಕ್ಕೆ ಮರುಜೀವ ಕೊಟ್ಟಿತು. 2023ರ ಮಾರ್ಚ್ 31ರಂದು ಅದೇ ಕೆಳಗಿನ ನ್ಯಾಯಾಲಯ ಈ ಕಾನೂನು ಸಂವಿಧಾನಬಾಹಿರ ಎಂದು ತೀರ್ಪಿತ್ತಿತು.

ನ್ಯಾಯಾಲಯಗಳ ಆಕ್ಷೇಪದಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಈ ಕಾನೂನು ಬಾಕಿಯನ್ನು ಮುಂದೂಡಲಿಲ್ಲ, ಜಾಮೀನುದಾರನ ಮಟ್ಟಿಗೆ ಶಾಶ್ವತವಾಗಿ ಅಳಿಸಿಹಾಕಿತು. ಜಾಮೀನುದಾರ ನಿಜಕ್ಕೂ ಕಷ್ಟದಲ್ಲಿದ್ದಾನೆಯೇ, ಕೋಟ್ಯಧೀಶನೇ ಎಂದು ವಿಚಾರಿಸಲಿಲ್ಲ. ಮಾಲಕನಿಗೆ ಬಿಡಿಗಾಸಿನ ಪರಿಹಾರವನ್ನೂ ಇಡಲಿಲ್ಲ. ಮಾಲಕನೆಂದರೆ ಗಗನಚುಂಬಿ ಕಟ್ಟಡಗಳ ಒಡೆಯನೇ ಆಗಬೇಕಿಲ್ಲ. ಒಂದೇ ಕಟ್ಟಡವಿದ್ದು, ಅದರ ಮೇಲಿನ ಸಾಲದ ಕಂತು ಕಟ್ಟುತ್ತ, ಬಾಡಿಗೆಯಲ್ಲೇ ಬದುಕುವವನೂ ಮಾಲಕನೇ. ಅಂಥವನ ಬಾಡಿಗೆಗೆ ಕತ್ತರಿ ಹಾಕಿದ ನಗರಾಡಳಿತ ತನ್ನ ಆಸ್ತಿ ತೆರಿಗೆಯನ್ನು ಮನ್ನಾ ಮಾಡಲಿಲ್ಲ. ಪರರ ಕಿಸೆಯಿಂದ ದಾನ ಮಾಡುವುದು ಬಹಳ ಸುಲಭ.

ಆದರೆ ಇಷ್ಟರಿಂದ ಜಾಮೀನುದಾರನಿಗೆ ರಕ್ಷಣೆಯೇ ಸಲ್ಲದು ಎಂದು ಹೊರಡುವವರು ಇತಿಹಾಸವನ್ನು ಮರೆತಿದ್ದಾರೆ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1933ರಲ್ಲಿ, ಮಿನ್ನೆಸೋಟ ರಾಜ್ಯ ಅಡಮಾನದ ಸಾಲಗಾರರು ತಮ್ಮ ಮನೆ, ಹೊಲಗಳನ್ನು ಬಿಡಿಸಿಕೊಳ್ಳಲು ಹೆಚ್ಚಿನ ಸಮಯ ಕೊಡುವ ಕಾನೂನು ಮಾಡಿತು. ಅದೇ ಸಂವಿಧಾನ, ಅದೇ ವಿಧಿ. ಆದರೂ 1934ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಐದು-ನಾಲ್ಕು ಮತಗಳಿಂದ ಅದನ್ನು ಎತ್ತಿಹಿಡಿಯಿತು. ಕಾರಣ, ಆ ಕಾನೂನಿಗೆ ಗಡುವಿತ್ತು, ಸಾಲ ಸಾಲವಾಗಿಯೇ ಉಳಿಯಿತು. ಅಷ್ಟು ದಿನ ಆಸ್ತಿಯಲ್ಲಿ ಇರುವವನು ನ್ಯಾಯವಾದ ಬಾಡಿಗೆ ಕಟ್ಟಬೇಕಿತ್ತು. ಅಂದರೆ ವಿಪತ್ತಿನಲ್ಲಿ ಕರಾರು ಬಗ್ಗಬಹುದು, ಮುರಿಯಬಾರದು. ನ್ಯೂಯಾರ್ಕ್ ಎಡವಿದ್ದು ಹಾದಿಯಲ್ಲೇ ಹೊರತು ಗುರಿಯಲ್ಲಲ್ಲ.

ನಮ್ಮಲ್ಲಿ ಏನಾಯಿತು? ಇಲ್ಲಿ ಎಡವುವಷ್ಟು ದೂರ ಯಾರೂ ನಡೆಯಲೇ ಇಲ್ಲ. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಸಾಲದ ಕಂತುಗಳನ್ನು ಮುಂದೂಡಲು ಬ್ಯಾಂಕುಗಳಿಗೆ ಅವಕಾಶ ಕೊಟ್ಟಿತು. ಮಾರ್ಚ್ 29ರಂದು ಕೇಂದ್ರ ಗೃಹ ಸಚಿವಾಲಯ, ಕಾರ್ಮಿಕರಿಂದ ಒಂದು ತಿಂಗಳು ಮನೆ ಬಾಡಿಗೆ ಕೇಳಬಾರದೆಂದಿತು. ಅಂಗಡಿ ಬಾಡಿಗೆಯ ಮಾತು ಅದರಲ್ಲಿರಲಿಲ್ಲ. ಮೇ 21ರಂದು ದಿಲ್ಲಿ ಹೈಕೋರ್ಟು, ಖಾನ್ ಮಾರ್ಕೆಟಿನ ಒಂದು ಅಂಗಡಿಯ ಪ್ರಕರಣದಲ್ಲಿ, ಲಾಕ್‌ಡೌನ್ ಕಾರಣಕ್ಕೆ ಬಾಡಿಗೆ ಅಮಾನತಿಗೆ ಒಪ್ಪದೆ ಪಾವತಿಗೆ ಒಂದಿಷ್ಟು ಸಮಯವನ್ನಷ್ಟೇ ಕೊಟ್ಟಿತು. ದಿವಾಳಿ ಸಂಹಿತೆಗೆ 10ಎ ಕಲಂ ಸೇರಿಸಿ, 2020ರ ಮಾರ್ಚ್ 25ರಿಂದ ಒಂದು ವರ್ಷ ಉಂಟಾದ ಬಾಕಿಗಾಗಿ ಕಂಪೆನಿಗಳನ್ನು ದಿವಾಳಿ ಪ್ರಕ್ರಿಯೆಗೆ ಎಳೆಯದಂತೆ ಮಾಡಲಾಯಿತು. ಆ ಕಲಂ ವೈಯಕ್ತಿಕ ಜಾಮೀನುದಾರರ ಹೆಸರೆತ್ತುವುದಿಲ್ಲ. 2021ರ ಮೇ 21ರಂದು ಸುಪ್ರೀಂ ಕೋರ್ಟು, ಕಂಪೆನಿಯ ಸಾಲಕ್ಕೆ ಪರಿಹಾರ ಯೋಜನೆ ಮಂಜೂರಾದ ಮಾತ್ರಕ್ಕೆ ಜಾಮೀನುದಾರ ಬಿಡುಗಡೆಯಾಗುವುದಿಲ್ಲ ಎಂದಿತು. ಕಂಪೆನಿಗೆ ಕೊಡೆ, ಮನುಷ್ಯನಿಗೆ ಮಳೆ!

1872ರ ಭಾರತೀಯ ಕರಾರು ಅಧಿನಿಯಮದ 128ನೇ ಕಲಂ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಎನ್ನುತ್ತದೆ. ಇದನ್ನೇ ಎಲ್ಲರೂ ಉಲ್ಲೇಖಿಸುತ್ತಾರೆ. ಅದೇ ಕಾಯ್ದೆಯ 133ನೇ ಕಲಮನ್ನೂ ಸ್ವಲ್ಪ ಓದಬೇಕು. ಜಾಮೀನುದಾರನ ಒಪ್ಪಿಗೆ ಪಡೆಯದೆ ಸಾಲ ಕೊಟ್ಟವನೂ ಪಡೆದವನೂ ಕರಾರಿನ ಶರತ್ತು ಬದಲಿಸಿದರೆ, ಅಲ್ಲಿಂದ ಮುಂದಿನ ವ್ಯವಹಾರಕ್ಕೆ ಆತ ಹೊಣೆಯಲ್ಲ. ಈ ಕಲಂ ಸರಕಾರಿ ಆದೇಶಕ್ಕೆ ಅನ್ವಯಿಸದು, ನಿಜ. ಆದರೆ ಅದರ ಹಿಂದಿನ ನೀತಿ ಸ್ಪಷ್ಟ: ತಾನು ಒಪ್ಪಿದ ಹೊರೆಗಷ್ಟೇ ಮನುಷ್ಯ ಹೆಗಲು ಕೊಡಬೇಕು. ಜಾಮೀನುದಾರ ಒಪ್ಪಿದ್ದು ತೆರೆದ ಅಂಗಡಿಗೆ. ವ್ಯಾಪಾರ ಕುಸಿದೀತು, ಪಾಲುದಾರ ಮೋಸ ಮಾಡಿಯಾನು, ಎದುರಿಗೇ ಹೊಸ ಅಂಗಡಿ ಬಂದೀತು ಎಂಬ ಅಪಾಯಗಳನ್ನು ಆತ ಲೆಕ್ಕ ಹಾಕಿ ಸಹಿ ಮಾಡಿದ. ಅಧಿಕಾರಿಯೊಬ್ಬ ಬಂದು ಬಾಗಿಲು ಹಾಕಿಸುತ್ತಾನೆ, ತೆರೆದರೆ ಕೇಸು ಜಡಿಯುತ್ತಾನೆ ಎಂಬ ಲೆಕ್ಕವನ್ನು ಯಾರು ತಾನೇ ಹಾಕಿದ್ದರು?

ಆದ್ದರಿಂದ ಮುಂದಿನ ಸಾಂಕ್ರಾಮಿಕಕ್ಕೆ ಮೊದಲೇ ಕಾನೂನು ಸಿದ್ಧವಿರಬೇಕು. ಸರಕಾರಿ ಆದೇಶದಿಂದ ಮುಚ್ಚಿದ ತಿಂಗಳುಗಳ ಬಾಕಿಗೆ ಮಾತ್ರ ರಕ್ಷಣೆ ಇರಲಿ, ಹಳೆಯ ಬಾಕಿ ಅದರ ನೆರಳಿನಲ್ಲಿ ಅಡಗದಿರಲಿ. ವಸೂಲಿಯನ್ನು ಮುಂದೂಡಿ ಕಂತುಗಳಾಗಿ ಹಂಚಲಿ. ಜಾಮೀನುದಾರ ತನ್ನ ಸ್ಥಿತಿಗತಿಯನ್ನು ದಾಖಲೆ ಸಹಿತ ತೋರಿಸಲಿ, ಉಳ್ಳವನು ಕೊಡಲಿ. ಆತ ವಾಸವಿರುವ ಮನೆ ಮಾತ್ರ ಯಾವ ಕಾರಣಕ್ಕೂ ಹರಾಜಿಗೆ ಬರಬಾರದು. ಸಣ್ಣ ಮಾಲಕನ ನಷ್ಟದಲ್ಲಿ ಒಂದು ಪಾಲನ್ನು ಸರಕಾರ ಆಸ್ತಿ ತೆರಿಗೆಯ ವಿನಾಯಿತಿಯ ಮೂಲಕವಾದರೂ ತುಂಬಿಕೊಡಲಿ.

ಹೀಗೆ ಮಾಡಿದರೆ ಜಾಮೀನಿನ ಮೇಲಿನ ನಂಬಿಕೆಯೇ ಹೋಗುತ್ತದೆ, ನಾಳೆ ಯಾರೂ ಅಂಗಡಿ ಬಾಡಿಗೆಗೆ ಕೊಡುವುದಿಲ್ಲ ಎಂದು ಕೆಲವರು ಹೆದರಿಸುತ್ತಾರೆ. ವಾಸ್ತವದಲ್ಲಿ ನಂಬಿಕೆ ಹೋಗುವುದು ಇನ್ನೊಂದು ದಾರಿಯಲ್ಲಿ. ತಮ್ಮನ ಅಂಗಡಿಗೆ ಸಹಿ ಹಾಕಿದ ಅಣ್ಣ, ಯಾರದೂ ತಪ್ಪಿಲ್ಲದ ರೋಗದಿಂದ ಬೀದಿಗೆ ಬಿದ್ದುದನ್ನು ಊರು ಕಂಡರೆ, ಆ ಬಳಿಕ ಯಾವ ಅಣ್ಣ ಸಹಿ ಹಾಕುತ್ತಾನೆ? ಬಂಡವಾಳವಿಲ್ಲದವನಿಗೆ ವ್ಯಾಪಾರದ ಬಾಗಿಲು ತೆರೆಯುವುದೇ ಇಂಥ ಸಹಿಗಳಿಂದ. ರೋಗ ತಡೆಯಲು ಅಂಗಡಿ ಮುಚ್ಚಿಸಿದ್ದು ಇಡೀ ಸಮಾಜದ ಒಳಿತಿಗಾಗಿ. ಹಾಗಿರುವಾಗ ಅದರ ಬಿಲ್ಲನ್ನು ಒಬ್ಬನ ಹೆಸರಿಗೆ ಬರೆಯುವ ಅಧಿಕಾರ ಸಮಾಜಕ್ಕಿಲ್ಲ.