ಎರೆಭೂತ ಎಲ್ಲಿ ಹೋಯಿತು?

ಮಾರಿಷಸ್ ದ್ವೀಪದ ಡೋಡೋ ಹಕ್ಕಿಯ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. 1598ರಲ್ಲಿ ಡಚ್ಚರ ಹಡಗುಗಳು ಆ ದ್ವೀಪಕ್ಕೆ ಬಂದವು. ಮುಂದಿನ ಶತಮಾನ ಮುಗಿಯುವುದರೊಳಗೆ ಹಕ್ಕಿ ಮುಗಿಯಿತು. ಹಾರಲಾರದ ದಡ್ಡ ಹಕ್ಕಿ, ಹಸಿದ ಖಲಾಸಿಗಳು ಬಡಿದು ತಿಂದರು ಎಂಬುದು ರೂಢಿಯ ಕತೆ. ತಿಂದದ್ದು ಸುಳ್ಳಲ್ಲ. ಆದರೆ ಹಡಗಿನಿಂದ ಇಳಿದ ಹಂದಿ, ಇಲಿ, ಮಂಗಗಳು ನೆಲದ ಮೇಲಿನ ಮೊಟ್ಟೆಗಳನ್ನು ಮುಕ್ಕಿದವು, ಬೆಲೆಬಾಳುವ ಕರಿಮರಕ್ಕಾಗಿ ಕಾಡು ಕಡಿಯಲಾಯಿತು. 1638ರಿಂದ ಅಲ್ಲಿ ಠಾಣ್ಯ ಹೂಡಿದ್ದು ಡಚ್ ಈಸ್ಟ್ ಇಂಡಿಯಾ ಕಂಪನಿ. ಲಾಭ ಕಂಪನಿಗೆ, ಅಪವಾದ ಕೂಲಿ ಖಲಾಸಿಗೆ! ಈ ಹಂಚಿಕೆ ನಮ್ಮ ಗಿರಣಿಯ ಬಂಧುಗಳಿಗೆ ಹೊಸದೇನೂ ಅಲ್ಲ.

ದ್ವೀಪದ ಮಾತು ನಮಗೇಕೆ ಎಂದು ವಾಚಕರು ಕೇಳಬಹುದು. ನಮ್ಮ ಎರೆಸೀಮೆಗೂ ಒಂದು ಹಕ್ಕಿಯುಂಟು. ಎರೆಭೂತ ಎನ್ನುತ್ತಾರೆ, ದೊರವಾಯನ ಹಕ್ಕಿ ಎಂದೂ ಕರೆಯುತ್ತಾರೆ. ಮೂರಡಿ ಎತ್ತರ, ಗಂಡು ಹಕ್ಕಿ ಹತ್ತು ಹದಿನೈದು ಕಿಲೋ ತೂಗುವುದುಂಟು. ಬಯಲು ಹುಲ್ಲು, ಜೋಳದ ಹೊಲ, ಬೀಳು ಭೂಮಿ, ಇವೇ ಅದರ ಮನೆ. ಸಾಮಾನ್ಯವಾಗಿ ವರ್ಷಕ್ಕೊಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ. ದೇಶದಲ್ಲಿ 1969ರಲ್ಲಿ ಸುಮಾರು 1260 ಇದ್ದವೆಂದು ಅಂದಾಜು ಮಾಡಿದ್ದರು. ಈಗ 150ರ ಆಸುಪಾಸು, ಹೆಚ್ಚಿನವು ರಾಜಸ್ಥಾನದಲ್ಲಿ. ನಮ್ಮ ರಾಜ್ಯದಲ್ಲಿ ಹೊಳೆಯಾಚೆ ಸಿರುಗುಪ್ಪದ ಎರೆಯಲ್ಲಿ ಬೆರಳೆಣಿಕೆಯಷ್ಟು ಉಳಿದಿವೆ. ಡೋಡೋಗೆ ದ್ವೀಪವಾದರೂ ಸಮುದ್ರದ ನಡುವೆ ಇತ್ತು. ಇದರ ದ್ವೀಪವನ್ನು ನಾಲ್ಕೂ ಕಡೆಯಿಂದ ಕತ್ತರಿಸುತ್ತಾ ನಾವೇ ಮಾಡಿದೆವು.

ಇಲ್ಲಿಯೂ ಬಡವ ಬೇಟೆಯಾಡಿ ಮುಗಿಸಿದ ಎನ್ನುವ ಮಹನೀಯರಿದ್ದಾರೆ. ಅವರು ಹಳೆಯ ಇಂಗ್ಲಿಷ್ ಬರಹಗಳನ್ನು ಓದಬೇಕು: ದಖನ್ನಿನಲ್ಲಿ ಒಬ್ಬ ದೊರೆ ಒಂದು ಸಾವಿರ ಎರೆಭೂತಗಳನ್ನು ಹೊಡೆದನೆಂದು ಕರ್ನಲ್ ಸೈಕ್ಸ್ ದಾಖಲಿಸಿದ್ದಾನೆ. ಒಬ್ಬನೇ, ಒಂದು ಸಾವಿರ! ಯಾವ ಕೂಲಿಕಾರನ ಕವಣೆಯಿಂದ ಇದು ಸಾಧ್ಯ?

ಬೇಟೆಗಿಂತ ದೊಡ್ಡ ಏಟು ಭೂಮಿಯ ಲೆಕ್ಕದಿಂದ ಬಿತ್ತು. ಕಂದಾಯ ಕೊಡದ ನೆಲವನ್ನು ಬ್ರಿಟಿಷ್ ಸರಕಾರ 'ಬಂಜರು' ಎಂದು ಬರೆಯಿತು; ಸ್ವತಂತ್ರ ಸರಕಾರವೂ ಆ ಶಬ್ದವನ್ನು ಹಾಗೆಯೇ ಉಳಿಸಿಕೊಂಡಿತು. ಕುರಿ ಮೇಯುವ, ಕಂಬಳಿಯ ಉಣ್ಣೆ ಹುಟ್ಟುವ, ದನಕ್ಕೆ ಹುಲ್ಲು ಕೊಡುವ ನೆಲ ಅದು ಹೇಗೆ ಬಂಜರಾಯಿತು? ಬಂಜರೆಂದ ಮೇಲೆ ಯಾರಿಗಾದರೂ ಕೊಡಬಹುದು, ಏನನ್ನಾದರೂ ನೆಡಬಹುದು. ರಾಣೆಬೆನ್ನೂರಿನಲ್ಲಿ ಕೃಷ್ಣಮೃಗಕ್ಕೂ ಈ ಹಕ್ಕಿಗೂ ಆಸರೆಯೆಂದು 1974ರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯ ಮಾಡಿದರು. ಆ ಬಯಲಿನಲ್ಲಿ ನೀಲಗಿರಿ ಮರಗಳನ್ನು ಬೆಳೆಸಿದವರೂ ಸರಕಾರದವರೇ. ಕಣ್ಣಿಗೆ ದೂರದ ಬಯಲು ಕಾಣದಿದ್ದರೆ ನಿಲ್ಲದ ಹಕ್ಕಿ ಅದು. ಮರ ಬೆಳೆಯಿತು, ಹಕ್ಕಿ ಇಲ್ಲವಾಯಿತು.

ಗಂಗಾವತಿಯವರಾದ ನಾವು ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂದಿತು. ಜೋಳದ ಎರೆ ಭತ್ತದ ಗದ್ದೆಯಾಯಿತು. ಗದ್ದೆಯಲ್ಲಿ ಎರೆಭೂತಕ್ಕೆ ಸ್ಥಳವಿಲ್ಲ. ಅದಕ್ಕಾಗಿ ನಾವು ಕಾಲುವೆಯನ್ನು ಶಪಿಸುವುದಿಲ್ಲ. ಆ ನೀರಿನಿಂದಲೇ ನಮ್ಮ ಅಕ್ಕಿ ಗಿರಣಿಗಳು, ಹಮಾಲರ ಕೂಲಿ, ಸಣ್ಣ ಅಂಗಡಿಯ ಗಿರಾಕಿ. ಹಸಿದವರಿಗೆ ಅನ್ನ ಬಂದದ್ದು ತಪ್ಪೆಂದು ಯಾವ ಪಕ್ಷಿಪ್ರೇಮಿ ಹೇಳಿದರೂ ನಾವು ಒಪ್ಪೆವು. ಆದರೆ ನೀರು ಬಾರದ ನೆಲವೂ ಕೈಬಿಟ್ಟು ಹೋಗುತ್ತಿದೆಯಲ್ಲ, ಅದು ಯಾರ ಅನ್ನಕ್ಕಾಗಿ? ಕುಷ್ಟಗಿ, ಯಲಬುರ್ಗಾಗಳ ಕಡೆ ನೋಡಿರಿ: ಗಾಳಿಯಂತ್ರಗಳು, ಅವುಗಳಿಂದ ಹೊರಟ ತಂತಿಗಳು. ಎರೆಭೂತದ ಕಣ್ಣು ತಲೆಯ ಎರಡು ಬದಿಗಿವೆ. ನೇರ ಎದುರಿನದು ಸರಿಯಾಗಿ ಕಾಣದು. ತಂತಿ ಹತ್ತಿರ ಬಂದಾಗ ಭಾರದ ಮೈ ತಿರುಗಿಸಲಾರದೆ ಬಡಿದು ಸಾಯುತ್ತದೆ. ರಾಜಸ್ಥಾನ, ಗುಜರಾತುಗಳಲ್ಲಿ ತಂತಿಗಳನ್ನು ನೆಲದಡಿ ಹಾಕಿರೆಂದು ಸುಪ್ರೀಂ ಕೋರ್ಟು 2021ರ ಏಪ್ರಿಲಿನಲ್ಲಿ ಆಜ್ಞೆ ಮಾಡಿತು. ಖರ್ಚು ಬಹಳ, ಕಾರ್ಯಸಾಧ್ಯವಲ್ಲ ಎಂಬ ವಾದ ಬಂದಿತು. 2024ರ ಮಾರ್ಚಿನಲ್ಲಿ ಆಜ್ಞೆ ಸಡಿಲವಾಗಿ ವಿಷಯ ತಜ್ಞರ ಸಮಿತಿಗೆ ಹೋಯಿತು. ಗಾಳಿ ವಿದ್ಯುತ್ತು ಬೇಡವೆಂಬುದು ನಮ್ಮ ವಾದವಲ್ಲ. ಖರ್ಚನ್ನು ಲಾಭದವರು ಹೊರಲಿ ಎಂಬುದು ನಮ್ಮ ವಾದ.

ಗೋಮಾಳ ಹೋದ ಊರಿನಲ್ಲಿ ಮೊದಲು ಕುರಿ ಮಾರಾಟವಾಗುತ್ತದೆ, ಆಮೇಲೆ ಕುರಿಗಾರನ ಮಗ ಗಿರಣಿಯ ಬಾಗಿಲಿಗೆ ಚೀಲ ಹೊರಲು ಬರುತ್ತಾನೆ. ಬಾಗಿಲಲ್ಲಿ ಜನ ಹೆಚ್ಚಿದಷ್ಟೂ ಮಾಲೀಕನಿಗೆ ಕೂಲಿ ಇಳಿಸುವುದು ಸುಲಭ. ಹಕ್ಕಿಯ ನೆಲವೂ ಹಮಾಲನ ಕೂಲಿಯೂ ಒಂದೇ ಪಹಣಿಯಲ್ಲಿವೆ.

ಸಿರುಗುಪ್ಪದ ಬಯಲಿನಲ್ಲಿ ತಂತಿಗಳನ್ನು ನೆಲದಡಿ ಹಾಕಬೇಕು. ಹಕ್ಕಿ ಮೊಟ್ಟೆಯಿಡುವ ಹೊಲವನ್ನು ಬೀಳು ಬಿಡುವ ರೈತನಿಗೆ ಬೆಳೆಯ ಪೂರ್ತಿ ಬೆಲೆಯನ್ನು ಸರಕಾರ ಕೊಡಬೇಕು. ಗ್ರಾಮಸಭೆಯ ಒಪ್ಪಿಗೆಯಿಲ್ಲದೆ ಒಂದು ಗುಂಟೆ ಗೋಮಾಳವೂ ಪರಭಾರೆಯಾಗಬಾರದು. ಮುಂದಿನ ಗ್ರಾಮಸಭೆಗೆ ಹೋದಾಗ ನಿಮ್ಮೂರಿನ ಗೋಮಾಳದ ಸರ್ವೆ ನಂಬರುಗಳನ್ನು ಗಟ್ಟಿಯಾಗಿ ಓದಿಸಿರಿ. ಯಾವುದು ಯಾರ ಹೆಸರಿಗೆ ಹೋಗಿದೆ, ಎಷ್ಟು ವರ್ಷಕ್ಕೆ, ಎಷ್ಟು ಹಣಕ್ಕೆ ಎಂದು ಕೇಳಿರಿ. ಉತ್ತರ ಬಂದರೆ ನಮಗೆ ಬರೆದು ಕಳಿಸಿರಿ. ಊರಿನ ಹೆಸರಿನೊಡನೆ ಪ್ರಕಟಿಸುತ್ತೇವೆ.