ಮೂವರ ಪಾಲಿನಲ್ಲಿ ಇಲ್ಲದವರು
ಬೋಸ್ನಿಯಾದ ಯುದ್ಧ ನಿಲ್ಲಿಸಿದ 1995ರ ಡೇಟನ್ ಒಪ್ಪಂದದ ನಾಲ್ಕನೇ ಅನುಬಂಧವೇ ಆ ದೇಶದ ಸಂವಿಧಾನ. ಅಧ್ಯಕ್ಷ ಮಂಡಳಿಯಲ್ಲಿ ಒಬ್ಬ ಬೋಸ್ನಿಯಾಕ್, ಒಬ್ಬ ಕ್ರೊಯೇಟ್, ಒಬ್ಬ ಸರ್ಬ್. ಮೇಲ್ಮನೆಯ 15 ಸ್ಥಾನಗಳೂ ಈ ಮೂರು ಸಮುದಾಯಗಳಿಗೇ ತಲಾ ಐದು. ಬಂದೂಕು ಕೆಳಗಿಳಿಸಲು ಅಂದು ಇಂಥ ಹಂಚಿಕೆ ಬೇಕಿತ್ತು, ನಿಜ. ಆದರೆ ಉಳಿದವರ ಗತಿಯೇನು? ತಾನು ಸ್ಪರ್ಧಿಸಬಹುದೇ ಎಂದು ಯಹೂದಿ ಸಮುದಾಯದ ಯಾಕೋಬ್ ಫಿಂಚಿ ವಿಚಾರಿಸಿದರೆ, ಯಹೂದಿಯಾದ್ದರಿಂದ ಆಗದು ಎಂದು ಚುನಾವಣಾ ಆಯೋಗ ಲಿಖಿತವಾಗಿಯೇ ಉತ್ತರಿಸಿತು. ಅವರು ಮತ್ತು ರೋಮಾ ಸಮುದಾಯದ ಡೆರ್ವೊ ಸೆಯ್ದಿಚ್ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಮೆಟ್ಟಿಲೇರಿದರು. ಇದು ತಾರತಮ್ಯವೆಂದು 2009ರ ಡಿಸೆಂಬರ್‌ನಲ್ಲಿ ತೀರ್ಪು ಬಂತು. ಒಂದೂವರೆ ದಶಕ ಕಳೆದರೂ ಆ ವಿಧಿಗಳು ಬದಲಾಗಿಲ್ಲ. ಇದು ಅಕ್ಷಮ್ಯ: ಶಾಂತಿಗೆಂದು ಮಾಡಿದ ಹಂಚಿಕೆ ತನ್ನದೇ ಪ್ರಜೆಗಳನ್ನು ಹೊರಗಿಟ್ಟಿದೆ.