ಸಾಲ್ಸ್‌ಬರಿ ಬಯಲು: ಸೇನೆಗೆ ಸಲ್ಲಬೇಕಾದ ಶ್ರೇಯ ಎಷ್ಟು?



ಇಂಗ್ಲೆಂಡಿನ ಸಾಲ್ಸ್‌ಬರಿ ಬಯಲಿನ ಮಾತು ಬಂದಾಗಲೆಲ್ಲ ಒಂದು ವಾದ ಕೇಳಿಬರುತ್ತದೆ: ಸೇನೆ ಇದ್ದುದರಿಂದಲೇ ಅಲ್ಲಿನ ಪ್ರಾಗೈತಿಹಾಸಿಕ ಕುರುಹುಗಳು ಉಳಿದವು, ಆದ್ದರಿಂದ ಅದರ ಹಿಡಿತವನ್ನು ಯಾರೂ ಪ್ರಶ್ನಿಸಬಾರದು. ಇದರ ಮೊದಲರ್ಧ ಬಹುಮಟ್ಟಿಗೆ ನಿಜ. 1897ರಿಂದ ಯುದ್ಧ ಇಲಾಖೆ ಕೊಳ್ಳುತ್ತ ಬಂದ ಭೂಮಿ ಇಂದು ಸುಮಾರು 38,000 ಹೆಕ್ಟೇರ್, ಬಯಲಿನ ಹೆಚ್ಚುಕಡಿಮೆ ಅರ್ಧ. ಅದರೊಳಗೆ ಎರಡು ಸಾವಿರಕ್ಕೂ ಹೆಚ್ಚು ಪುರಾತತ್ವ ನೆಲೆಗಳಿವೆ. ಆದರೆ ಅವನ್ನು ಉಳಿಸಿದ್ದು ಫಿರಂಗಿಯಲ್ಲ, ನೇಗಿಲಿನ ಗೈರುಹಾಜರಿ. ಸೀಮೆಸುಣ್ಣದ ಆ ನೆಲದಲ್ಲಿ ಮೇಲ್ಮಣ್ಣು ಬಹಳ ತೆಳು. ಟ್ರ್ಯಾಕ್ಟರ್ ನೇಗಿಲು ತುಸು ಆಳಕ್ಕಿಳಿದರೂ ಬಿಳಿ ಸುಣ್ಣ ಮೇಲೆದ್ದು ಬರುತ್ತದೆ. ಸೇನೆಯ ಬೇಲಿಯಾಚೆಯ ಹೊಲಗಳಲ್ಲಿ ಎಷ್ಟೋ ಸಮಾಧಿ ದಿಬ್ಬಗಳು ಹೀಗೇ ಸವೆದು, ಉತ್ತ ಮಣ್ಣಿನಲ್ಲಿ ಬಿಳಿಚಿದ ಕಲೆಗಳಾಗಿವೆ. ಒಳಗಿನ ನೆಲವೂ ಪೂರ್ತಿ ಸುರಕ್ಷಿತವಾಗಿರಲಿಲ್ಲ: ಮೊದಲ ಮಹಾಯುದ್ಧದ ತರಬೇತಿ ಕಂದಕಗಳು, ಶೆಲ್‌ಗಳು, ಟ್ಯಾಂಕುಗಳು ಅಲ್ಲೂ ಗಾಯ ಮಾಡಿವೆ. ಈಚಿನ ದಶಕಗಳಲ್ಲಿ ಸೇನೆ ಎಚ್ಚರ ವಹಿಸಿದೆ. 2011ರಲ್ಲಿ ಶುರುವಾದ ಆಪರೇಷನ್ ನೈಟಿಂಗೇಲ್‌ನಲ್ಲಿ ಗಾಯಾಳು ಯೋಧರೇ ಉತ್ಖನನಕ್ಕೆ ಇಳಿದರು. ಆ ಕೆಲಸವನ್ನು ಮನಸಾರೆ ಮೆಚ್ಚುತ್ತೇನೆ.

ಆದರೆ ಅದರ ಹಿಡಿತವನ್ನು ಪ್ರಶ್ನಿಸಬಾರದೆಂಬ ಉತ್ತರಾರ್ಧವನ್ನು ಒಪ್ಪಲಾರೆ. ಸೇನೆ ಹೋದರೆ ಹೊಲಗಳೂ ಮನೆಗಳೂ ಬರುತ್ತವೆ ಎಂಬ ಆಕ್ಷೇಪಕ್ಕೆ ಉತ್ತರ ಅದೇ ಬಯಲಿನಲ್ಲಿದೆ. 1927ರಲ್ಲಿ ಜನರ ವಂತಿಗೆಗೆ ಕರೆಕೊಟ್ಟು ಸ್ಟೋನ್‌ಹೆಂಜ್ ಸುತ್ತಲಿನ ಭೂಮಿಯನ್ನು ಕೊಂಡು ನ್ಯಾಷನಲ್ ಟ್ರಸ್ಟ್‌ಗೆ ಒಪ್ಪಿಸಲಾಯಿತು. ಅಲ್ಲಿದ್ದ ಯುದ್ಧಕಾಲದ ವಿಮಾನ ನೆಲೆಯ ಕಟ್ಟಡಗಳನ್ನು ಕೆಡವಲಾಯಿತು. ಉಳುತ್ತಿದ್ದ ಹೊಲಗಳನ್ನು ಈಚೆಗೆ ಮತ್ತೆ ಹುಲ್ಲುಗಾವಲು ಮಾಡುತ್ತಿದ್ದಾರೆ. ಸಮವಸ್ತ್ರವಿಲ್ಲದೆಯೂ ಕಾವಲು ಸಾಧ್ಯ. ಸಿಡಿಯದ ಶೆಲ್‌ಗಳ ಅಪಾಯ ನಿಜವೇ, ಅಂಥ ಕಡೆ ಜನರ ಪ್ರವೇಶಕ್ಕೆ ನಿರ್ಬಂಧ ಇರಲಿ. ಆದರೆ ಸೇನೆಯ ನೆಲದೊಳಗಿರುವ ಇಂಬರ್ ಹಳ್ಳಿಯ ಪ್ರಶ್ನೆ ಬೇರೆ. 1943ರ ಡಿಸೆಂಬರ್‌ನಲ್ಲಿ ಅಮೆರಿಕನ್ ಪಡೆಗಳ ತರಬೇತಿಗೆಂದು ಊರು ಖಾಲಿ ಮಾಡಿಸಿದರು. ಯುದ್ಧ ಮುಗಿದ ಮೇಲೆ ಮರಳಬಹುದೆಂದು ನಂಬಿ ಹೊರಟವರಿಗೆ ಊರು ಸಿಗಲಿಲ್ಲ. ಈಗ ವರ್ಷದಲ್ಲಿ ಕೆಲವೇ ದಿನ ರಸ್ತೆಯೂ ಸೇಂಟ್ ಜೈಲ್ಸ್ ಚರ್ಚೂ ತೆರೆಯುತ್ತವೆ. ದಿಬ್ಬಗಳು ಉಳಿದವೆಂಬ ಕಾರಣಕ್ಕೆ ಈ ಋಣ ತೀರದು.

ದಿಬ್ಬಗಳನ್ನು ನೇಗಿಲಿನಿಂದ ಕಾಯಲು ನಿಜವಾಗಿ ಬದಲಾಗಬೇಕಾದ್ದು ಕಾನೂನು. ಸಂರಕ್ಷಿತ ಸ್ಮಾರಕವಾದರೂ ಮೊದಲಿಂದ ಉಳುತ್ತಿದ್ದ ನೆಲವನ್ನು ಹಿಂದಿನ ಆಳಕ್ಕೇ ಉಳುತ್ತಿರಲು ಇಂಗ್ಲೆಂಡಿನಲ್ಲಿ ವಿನಾಯಿತಿ ಇದೆ. ರೈತರಿಗೆ ತಕ್ಕ ಪರಿಹಾರ ಕೊಟ್ಟು ಅದನ್ನು ರದ್ದು ಮಾಡಲಿ, ಇಂಬರ್‌ನ ಬಾಗಿಲು ಇನ್ನಷ್ಟು ದಿನ ತೆರೆದಿರಲಿ. ಇವೆರಡಕ್ಕೂ ಸೇನೆ ಬಯಲು ಬಿಟ್ಟು ಹೋಗಬೇಕಿಲ್ಲ.

ಇತಿ,
ಓರ್ವ ಓದುಗ